ಅಪ್ಪ ‘ಗಾನ್’!



ಈ ಸಲ ಬೇರೇನೋ ಬರೆಯೋಣ ಅಂತ ಕೂತಿದ್ದೆ. ಅಷ್ಟರಲ್ಲಿ ನಮ್ಮ ನೊಣವಿನಕೆರೆಯಲ್ಲಿ, ಅದೂ ನಮ್ಮ ಬೀದಿಯ ಕೊನೇ ಮನೆಯಲ್ಲೇ, ಇಂಗ್ಲಿಷಿನ ಒಂದು ಪುಟ್ಟ ಪದ ದೊಡ್ಡ ರಾದ್ಧಾಂತ ಮಾಡಿಬಿಟ್ಟಿತು. ಅದನ್ನು ಬಿಟ್ಟು ಬೇರೆ ಬರೆಯೋಕೆ ಮನಸ್ಸೇ ಬರಲಿಲ್ಲ.

ಆ ಮನೆಯಾಕೆ ನನಗೆ ಗೆಳತಿ ಅನ್ನಿ, ತಂಗಿ ಅನ್ನಿ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮನೆ, ತೋಟ, ಎರಡು ಹಸು, ಎಂಬತ್ತು ದಾಟಿದ ಮಾವ, ಎಲ್ಲವನ್ನೂ ಒಬ್ಬಳೇ ತೂಗಿಸ್ತಾಳೆ. ಮೈದುನ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಮರಾಠಿ ಹುಡುಗಿಯನ್ನೇ ಮದುವೆಯಾದ. ಒಳ್ಳೇ ಹುಡುಗಿ, ಆದರೆ ಅವಳಿಗೆ ಕನ್ನಡ ಬಾರದು, ಇವಳಿಗೆ ಮರಾಠಿ ಬಾರದು. ವಾರಗಿತ್ತಿಯರಿಬ್ಬರೂ ಫೋನಿನಲ್ಲಿ ಇಂಗ್ಲಿಷಿನಲ್ಲೇ ನಾಲ್ಕು ಸಾಲು ಬರೆದುಕೊಳ್ಳುತ್ತಾರೆ. ‘ಹೌ ಆರ್ ಯೂ’, ‘ರೈನ್ ಕೇಮ್’, ‘ಚಿಲ್ಡ್ರನ್ ಫೈನ್’, ಹೀಗೆ.

ಮೊನ್ನೆ ಒಂದು ದಿನ ಮಾವನವರನ್ನು ಕಣ್ಣಿನ ತಪಾಸಣೆಗೆ ಅಂತ ತಿಪಟೂರಿಗೆ ಕರೆದುಕೊಂಡು ಹೋದರು. ಮಗ, ಮೊಮ್ಮಗ ಇಬ್ಬರೂ ಜೊತೆಗೆ ಹೋದರು. ಹತ್ತು ಗಂಟೆ ಹೊತ್ತಿಗೆ ಪುಣೆಯಿಂದ, ಅಪ್ಪ ಹೇಗಿದ್ದಾರೆ ಅಂತ ಮೆಸೇಜು ಬಂತು. ಇವಳು ಒಲೆ ಮುಂದೆ ನಿಂತೇ ಬರೆದಳು: ‘ಅಪ್ಪ ಈಸ್ ಗಾನ್. ಮಾರ್ನಿಂಗ್ ಏಟ್ ಓ ಕ್ಲಾಕ್. ಆಲ್ ಪೀಪಲ್ ವೆಂಟ್ ವಿತ್ ಹಿಮ್.’

ಬರೆದು, ಫೋನನ್ನು ಚಾರ್ಜಿಗೆ ಹಾಕಿ, ತೋಟಕ್ಕೆ ಬುತ್ತಿ ತಗೊಂಡು ಹೊರಟುಹೋದಳು. ಅವತ್ತು ಕಾಯಿ ಸುಲಿಯೋ ಆಳುಗಳು ಬಂದಿದ್ದರು.

ಇನ್ನು ಪುಣೆಯ ಕಥೆ ಕೇಳಿ. ಹುಡುಗಿ ಓದಿದವಳೇ ಗೋಳೋ ಅಂದಳಂತೆ. ಗಂಡ ಅಣ್ಣನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅದರ ಚಾರ್ಜು ಹೋಗಿತ್ತು! ಅತ್ತಿಗೆಗೆ ಮಾಡಿದರೆ ಎತ್ತುವವರಿಲ್ಲ. ಉಟ್ಟ ಬಟ್ಟೆಯಲ್ಲೇ ಇಬ್ಬರೂ ಕಾರು ಹತ್ತಿದರು. ಮೂರು ಗಂಟೆಗೆ ಇವಳು ತೋಟದಿಂದ ಬಂದು ಫೋನು ನೋಡಿದರೆ ಮೂವತ್ತು ಮಿಸ್ಡ್ ಕಾಲು. ಗಾಬರಿಯಿಂದ ವಾಪಸ್ ಮಾಡಿದಾಗ ಅವರು ಕೊಲ್ಹಾಪುರದ ಹತ್ತಿರ ಇದ್ದರು. ‘ಅತ್ತಿಗೆ, ಎಷ್ಟು ಹೊತ್ತಿಗೆ ಎತ್ತುತ್ತಾರೆ?’ ಅಂತ ಮೈದುನ ಅಳುತ್ತಾ ಕೇಳಿದ. ‘ಏನನ್ನು ಎತ್ತೋದು?’ ಅಂದಳು ಇವಳು.

ನಗಬೇಡಿ. ನಾನೂ ಮೊದಲು ನಕ್ಕೆ. ಆಮೇಲೆ ಅವಳ ಮುಖ ನೋಡಿ ನಗು ಹಾಗೇ ನಿಂತುಹೋಯಿತು.

ವಿಷಯ ಗೊತ್ತಾದ ಮೇಲೂ ಅವರು ವಾಪಸ್ ತಿರುಗಲಿಲ್ಲ, ಅದೊಂದು ಒಳ್ಳೇದು. ಹೊರಟಿದ್ದು ಹೊರಟಾಯ್ತು ಅಂತ ನಡುರಾತ್ರಿ ದಾಟಿದ ಮೇಲೆ ಬಂದು ಸೇರಿದರು. ಬೆಳಿಗ್ಗೆ ನಾನು ಹೋದಾಗ ಮುದುಕಪ್ಪ ಜಗುಲಿ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದರು. ‘ನಾನು ಹೋದ್ರೆ ಯಾರ್ಯಾರು ಬತ್ತಾರೆ ಅಂತ ಇದ್ದಂಗೇ ನೋಡ್ದಂಗಾಯ್ತು ಕಣವ್ವ’ ಅಂದರು. ಮಗ ತಲೆ ತಗ್ಗಿಸಿದ. ಅವನು ಊರ ಕಡೆ ಬಂದು ಎರಡು ವರ್ಷ ಆಗಿತ್ತು.

ಆದರೆ ನನ್ನ ಗೆಳತಿ? ಅಡುಗೆಮನೆ ಬಿಟ್ಟು ಹೊರಗೇ ಬರಲಿಲ್ಲ. ‘ಇನ್ನು ನನ್ನ ಕೈ ಸುಟ್ಟುಹೋದರೂ ಸರಿ, ಇಂಗ್ಲಿಷಲ್ಲಿ ಒಂದಕ್ಷರ ಬರೆಯಲ್ಲ’ ಅಂದಳು. ಮಗ ಬೇರೆ ‘ಗೊತ್ತಿಲ್ದೇ ಇದ್ರೆ ಯಾಕಮ್ಮಾ ಬರೀತೀಯ’ ಅಂದಿದ್ದಾನೆ. ಹದಿನಾಲ್ಕು ವರ್ಷದ ಹುಡುಗ! ಅವನು ಗೋ-ವೆಂಟ್-ಗಾನ್ ಉರು ಹೊಡೆಯುವಾಗ ಪುಸ್ತಕ ಹಿಡಿದು ಕೂತು ಕೇಳಿದವಳೇ ಅವಳು. ಅಲ್ಲೇ ತಾನೇ ಅವಳೂ ಕಲಿತದ್ದು!

ಸಂಜೆ ನಮ್ಮ ಮನೆಗೆ ಬಂದು ಮೆತ್ತಗೆ ಕೇಳಿದಳು: ‘ಅಕ್ಕಾ, ಹೋಗಿದ್ದಾರೆ ಅಂದ್ರೆ ಗಾನ್ ತಾನೇ? ನಾನು ತಪ್ಪೇನು ಬರೆದೆ?’

ಸೋದರಿಯರೇ, ಈ ಪ್ರಶ್ನೆಗೆ ನಾನು ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೇ ಮಾತು, ಅವಳು ಇಂಗ್ಲಿಷ್ ಮರೆತದ್ದಕ್ಕಿಂತ ಕನ್ನಡ ಮರೆತದ್ದೇ ತಪ್ಪಾಯಿತು. ನಮ್ಮಲ್ಲಿ ಯಾರಾದರೂ ಫೋನಿನಲ್ಲಿ ‘ಅಪ್ಪ ಹೋದ್ರು, ಬೆಳಿಗ್ಗೆ ಎಂಟು ಗಂಟೆಗೆ’ ಅಂದರೆ ನಿಮ್ಮ ಎದೆ ಧಸಕ್ ಅನ್ನುವುದಿಲ್ಲವೇ? ಕನ್ನಡದಲ್ಲಿ ನಾವು ಹಾಗೆ ಅಪ್ಪಿತಪ್ಪಿಯೂ ಅನ್ನುವುದಿಲ್ಲ. ‘ತಿಪಟೂರಿಗೆ ಹೋಗಿದ್ದಾರೆ’ ಅಂತ ಊರಿನ ಹೆಸರು ಹಾಕಿಯೇ ಹೇಳುತ್ತೇವೆ. ಎಲ್ಲಿಗೆ ಅಂತ ಹೇಳದೆ ಬರೀ ‘ಹೋದರು’ ಅಂದರೆ ಒಂದೇ ಕಡೆಗೆ. ಇಂಗ್ಲಿಷಿನ ‘ಗಾನ್’ ಕೂಡ ಅಷ್ಟೇ. ‘ಅಪ್ಪ ಹ್ಯಾಸ್ ಗಾನ್ ಟು ತಿಪಟೂರ್’ ಅಂದರೆ ಆರಾಮ. ಊರು ಬಿಟ್ಟು ‘ಅಪ್ಪ ಈಸ್ ಗಾನ್’ ಅಂದರೆ ಹೊಗೆ. ಮರಾಠಿಯವರೂ ‘ಬಾಬಾ ಗೇಲೇ’ ಅಂದರೆ ಅಪ್ಪ ತೀರಿಕೊಂಡರು ಅಂತಲೇ ತಿಳಿಯುತ್ತಾರೆ. ಆ ಹುಡುಗಿ ಇಂಗ್ಲಿಷನ್ನು ಮರಾಠಿಯ ಕಿವಿಯಿಂದ ಕೇಳಿದಳು. ಅವಳನ್ನು ತಪ್ಪು ಅನ್ನಲಾದೀತೇ?

ಆದ್ದರಿಂದ ನಾನು ಹೇಳುವುದು, ಈ ‘ಗೋ’ ಎಂಬ ಪದ ಎದುರಿಗೆ ಬಂದಾಗ ಹೆದರಿ ನಿಘಂಟಿನ ಮೊರೆ ಹೋಗುವ ಮೊದಲು ನಿಮ್ಮ ಬಾಯಲ್ಲಿರುವ ‘ಹೋಗು’ವನ್ನು ಒಮ್ಮೆ ಕೇಳಿಕೊಳ್ಳಿ. ಮುಕ್ಕಾಲು ಪಾಲು ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಉಳಿದ ಕಾಲು ಪಾಲನ್ನು ಮಾತ್ರ ಕಲಿತರೆ ಸಾಕು.

ಬೆಳಿಗ್ಗೆ ಎದ್ದು ನೋಡಿದರೆ ಕರೆಂಟು ಹೋಗಿರುತ್ತೆ, ಇಂಗ್ಲಿಷಿನವರಿಗೂ ಹೋಗಿರುತ್ತೆ. ಹಾಲು ಒಡೆದುಹೋಗುತ್ತೆ, ಅವರಿಗೂ ‘ಗೋಸ್ ಬ್ಯಾಡ್’. ತಲೆಕೂದಲು ಬೆಳ್ಳಗಾದರೆ ‘ಗೋ ಗ್ರೇ’, ತಲೆ ಕೆಟ್ಟರೆ ‘ಗೋ ಮ್ಯಾಡ್’, ಕಣ್ಣು ಹೋದರೆ ‘ಗೋ ಬ್ಲೈಂಡ್’. ಗಮನಿಸಿ ನೋಡಿ, ಕೆಡುವುದೆಲ್ಲ ‘ಹೋಗು’ವಿನ ಪಾಲಿಗೆ. ನಮ್ಮಲ್ಲೂ ಮರೆತುಹೋಯ್ತು, ಕಳೆದುಹೋಯ್ತು, ಸುಟ್ಟುಹೋಯ್ತು, ಮರ್ಯಾದೆ ಹೋಯ್ತು. ಬುದ್ಧಿ ಮಾತ್ರ ಬರುತ್ತೆ, ಜೀವ ಬರುತ್ತೆ, ಒಳ್ಳೇ ಕಾಲ ಬರುತ್ತೆ. ಅವರೂ ಕನಸು ನಿಜವಾದರೆ ‘ಕಮ್ ಟ್ರೂ’ ಅನ್ನುತ್ತಾರೆಯೇ ಹೊರತು ‘ಗೋ ಟ್ರೂ’ ಅನ್ನುವುದಿಲ್ಲ. ಸಮುದ್ರದ ಆಚೆ ಇದ್ದವರಿಗೂ ನಮಗೂ ಈ ಒಂದು ವಿಷಯದಲ್ಲಿ ಮನಸ್ಸು ಹೀಗೆ ಒಂದೇ ಥರ ಹೇಗೆ ಓಡಿತೋ!

ನಮ್ಮ ತೆಂಗಿನ ಸೀಮೆಯ ಹೆಂಗಸರಿಗಂತೂ ಇನ್ನೊಂದು ಅರ್ಥ ಹೇಳಿಕೊಡುವುದೇ ಬೇಡ. ವರ್ಷವೆಲ್ಲ ಅಟ್ಟದ ಮೇಲೆ ಕಾಯಿ ಇಟ್ಟು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಟಗಟ ಅನ್ನುವ ತನಕ ಕಾಯುತ್ತೇವಲ್ಲ, ಆಮೇಲೆ ತಿಪಟೂರಿನ ಮಾರುಕಟ್ಟೆಗೆ ಹೋದ ಗಂಡಸರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಾವು ಕೇಳುವ ಪ್ರಶ್ನೆ ಏನು? ‘ಎಷ್ಟಕ್ಕೆ ಹೋಯ್ತು?’ ಇದನ್ನೇ ಇಂಗ್ಲಿಷಿನಲ್ಲಿ ‘ವಾಟ್ ಡಿಡ್ ಇಟ್ ಗೋ ಫಾರ್?’ ಅನ್ನುವುದು. ಪದಕ್ಕೆ ಪದ! ಹರಾಜು ಕೂಗುವವನು ನಮ್ಮಲ್ಲಿ ‘ಒಂದು ಸಲ, ಎರಡು ಸಲ, ಮೂರು ಸಲ’ ಅಂದರೆ ಅವರಲ್ಲಿ ‘ಗೋಯಿಂಗ್, ಗೋಯಿಂಗ್, ಗಾನ್’ ಅನ್ನುತ್ತಾನೆ. ಹೋಗ್ತಾ ಇದೆ, ಹೋಗ್ತಾ ಇದೆ, ಹೋಯ್ತು. ಬೆಲೆಯೂ ಹೋಗುತ್ತೆ, ಮೇಲಕ್ಕೆ ಹೋದರೆ ‘ಗೋಸ್ ಅಪ್’, ಕೆಳಕ್ಕೆ ಹೋದರೆ ‘ಗೋಸ್ ಡೌನ್’. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಅಂತ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿತ್ತು. 2025ರಲ್ಲಿ ಇಪ್ಪತ್ತು ಸಾವಿರವನ್ನೂ ದಾಟಿ ಹೋಯಿತು. ಎರಡನ್ನೂ ಕಂಡವರು ನಾವು. ಮೊದಲನೆಯದರಲ್ಲಿ ಮಗಳ ಬಳೆ ಹೋಯ್ತು, ಎರಡನೆಯದರಲ್ಲಿ ಬಳೆ ಬರಲಿಲ್ಲ. ಅದು ಬೇರೆ ಕಥೆ.

‘ಹೋಗ್ಲಿ ಬಿಡು’ ಅಂತೀವಲ್ಲ, ಅದೂ ಹಾಗೇ ಇದೆ: ‘ಲೆಟ್ ಇಟ್ ಗೋ’. ಎರಡು ಭಾಷೆಯಲ್ಲೂ ಇಷ್ಟು ಸರಿಯಾಗಿ ಹೊಂದುವ ಮಾತು ಇನ್ನೊಂದು ಕಾಣೆ. ಆದರೆ ನಮ್ಮ ಮನೆಗಳಲ್ಲಿ ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಅಂತ ಒಂದು ದಿನ ಎಣಿಸಿ ನೋಡಿ. ಹೇಳಿಸಿಕೊಳ್ಳುವವರು ಯಾವಾಗಲೂ ನಾವೇ. ಅವತ್ತು ನನ್ನ ಗೆಳತಿಗೂ ಮನೆಯವರೆಲ್ಲ ಅದನ್ನೇ ಹೇಳಿದರಂತೆ, ನಕ್ಕು ನಕ್ಕು ಸಾಕಾದ ಮೇಲೆ.

ನಂಬಲಾಗದ ಮಾತು ಕೇಳಿದಾಗ ‘ಹೋಗೇ, ಸುಮ್ನಿರು!’ ಅನ್ನುತ್ತೇವೆ. ಇಂಗ್ಲೆಂಡಿನವರೂ ‘ಗೋ ಆನ್!’ ಅಂತಾರೆ. ಯಾರೂ ಎದ್ದು ಹೋಗುವುದಿಲ್ಲ, ಇನ್ನಷ್ಟು ಹತ್ತಿರ ಬಂದು ಕೂರುತ್ತಾರೆ.

ಈಗ ಆ ಉಳಿದ ಕಾಲು ಪಾಲು.

ಮಕ್ಕಳು ಕೇಳುತ್ತಾರೆ, ‘ವಾಕ್’ಗೆ ‘ವಾಕ್ಡ್’ ಆದರೆ ‘ಗೋ’ಗೆ ‘ಗೋಡ್’ ಯಾಕಿಲ್ಲ, ಈ ‘ವೆಂಟ್’ ಎಲ್ಲಿಂದ ಬಂತು ಅಂತ. ನ್ಯಾಯವಾದ ಪ್ರಶ್ನೆ. ‘ವೆಂಟ್’ ಆ ಮನೆಯದಲ್ಲ. ‘ವೆಂಡ್’ ಅಂತ ಬೇರೊಂದು ಕ್ರಿಯಾಪದ ಇತ್ತು, ಅದರ ಭೂತಕಾಲ ಅದು. ಹಳೇ ಇಂಗ್ಲಿಷಿನಲ್ಲಿ ‘ಹೋದ’ ಅನ್ನುವುದಕ್ಕೆ ಬೇರೆಯೇ ರೂಪವಿತ್ತು, ಅದು ಕಾಲಕ್ರಮೇಣ ಬಿದ್ದುಹೋಗಿ ‘ವೆಂಟ್’ ಬಂದು ಆ ಜಾಗದಲ್ಲಿ ಕೂತಿತು. ಬೇರೆ ಮನೆಯಿಂದ ಬಂದ ಸೊಸೆ ಈಗ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ ಅಂತ ಮಗುವಿಗೆ ಹೇಳಿ, ಮತ್ತೆ ಮರೆಯುವುದಿಲ್ಲ. ನಮ್ಮ ‘ಹೋಗು’ ಕೂಡ ಹಳಗನ್ನಡದಲ್ಲಿ ‘ಪೋಗು’ ಆಗಿತ್ತು. ಪಾಲು ಹಾಲಾಯಿತು, ಪೂ ಹೂವಾಯಿತು, ಪೋಗು ಹೋಗಾಯಿತು. ತಮಿಳರು ಇನ್ನೂ ‘ಪೋ’ ಅಂತಲೇ ಅನ್ನುತ್ತಾರೆ.

ಮನೆಗೆ ಹೋಗುವುದಕ್ಕೆ ‘ಗೋ ಟು ಹೋಮ್’ ಅನ್ನಬೇಡಿ, ‘ಗೋ ಹೋಮ್’ ಅಷ್ಟೇ. ಸಂತೆಗೆ, ಸ್ಕೂಲಿಗೆ, ದೇವಸ್ಥಾನಕ್ಕೆ ಹೋಗುವಾಗ ‘ಟು’ ಬೇಕು, ಮನೆಗೆ ಬೇಡ. ಯಾಕೆ ಅಂತ ಕೇಳಬೇಡಿ. ಸ್ವಂತ ಮನೆಗೆ ಹೋಗಲು ಚೀಟಿ ಬೇಕೇ ಅಂದುಕೊಳ್ಳಿ.

‘ಗೋ ಆಫ್’ ಅನ್ನುವುದು ಮಹಾ ಮೋಸಗಾರ. ದೀಪ ‘ವೆಂಟ್ ಆಫ್’ ಅಂದರೆ ಆರಿತು. ಮೊಸರು ‘ವೆಂಟ್ ಆಫ್’ ಅಂದರೆ ಕೆಟ್ಟಿತು. ಆದರೆ ಅಲಾರಂ ‘ವೆಂಟ್ ಆಫ್’ ಅಂದರೆ ನಿಂತಿತು ಅಂತಲ್ಲ, ಬಾರಿಸಿತು ಅಂತ! ನಾನು ಇದನ್ನು ಓದಿ ಬಹಳ ದಿನ ತಪ್ಪೇ ತಿಳಿದುಕೊಂಡಿದ್ದೆ. ಇನ್ನು ‘ಗೋ ವಿತ್’ ಅಂದರೆ ಜೊತೆಗೆ ಹೋಗುವುದೂ ಹೌದು, ಒಪ್ಪುವುದೂ ಹೌದು. ಈ ಸೀರೆಗೆ ಆ ರವಿಕೆ, ಮುದ್ದೆಗೆ ಬಸ್ಸಾರು.

‘ಗೋಯಿಂಗ್ ಟು’ ಕಂಡರೆ ಹಲವರಿಗೆ ಗಲಿಬಿಲಿ. ‘ಐ ಯಾಮ್ ಗೋಯಿಂಗ್ ಟು ಕುಕ್’ ಅಂದರೆ ಅಡುಗೆಮನೆಯ ಕಡೆ ನಡೆಯುತ್ತಿದ್ದೇನೆ ಅಂತಲ್ಲ, ಅಡುಗೆ ಮಾಡಬೇಕು ಅಂತ ಇದ್ದೇನೆ ಅಂತ. ಕೂತಲ್ಲೇ ಕೂತು ಹೇಳಬಹುದು. ನಮ್ಮಲ್ಲಿ ಇದಕ್ಕೆ ‘ಹೊರಡು’ ಇದೆ. ‘ನಾನೇ ಹೇಳೋಕೆ ಹೊರಟಿದ್ದೆ’, ‘ಮಗಳಿಗೆ ಇಷ್ಟು ಬೇಗ ಮದುವೆ ಮಾಡೋಕೆ ಹೊರಟಿದ್ದಾರೆ’ ಅಂತೀವಲ್ಲ, ಅಲ್ಲಿ ಯಾರೂ ಚಪ್ಪಲಿ ಮೆಟ್ಟಿಲ್ಲ. ಇದನ್ನು ಹೇಳಿದ ಕೂಡಲೇ ನನ್ನ ಗೆಳತಿಯ ಮುಖ ಸ್ವಲ್ಪ ಅರಳಿತು. ‘ಅಷ್ಟೇನಾ?’ ಅಂದಳು. ಅಷ್ಟೇ. ಬಸ್ಸಿನಲ್ಲಿ ಕಂಡಕ್ಟರ್ ‘ರೈಟ್ ರೈಟ್’ ಅಂದರೆ ಹೋಗು, ‘ಹೋಲ್ಡಾನ್’ ಅಂದರೆ ನಿಲ್ಲು ಅಂತ ತುರುವೇಕೆರೆ ಬಸ್ಸಿನ ಅಜ್ಜಿಗೂ ಗೊತ್ತು. ಇಂಗ್ಲಿಷನ್ನು ನಾವು ಬೇಕಾದ ಹಾಗೆ ಬಳಸಿಕೊಂಡೇ ಇದ್ದೇವೆ, ಯಾರನ್ನೂ ಅಪ್ಪಣೆ ಕೇಳದೆ.

ಇಂಗ್ಲಿಷ್ ಎಲ್ಲಿ, ನಮ್ಮ ತೆಂಗಿನ ತೋಟದ ಹೆಂಗಸರೆಲ್ಲಿ ಅನ್ನುವವರಿಗೆ ಒಂದು ಮಾತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ಇದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ. ಅವರು ಇಂಗ್ಲಿಷನ್ನು ಕಲಿತು ಕನ್ನಡಕ್ಕೆ ತಂದರು. ನಾವು ಕನ್ನಡವನ್ನು ಹಿಡಿದುಕೊಂಡು ಇಂಗ್ಲಿಷಿಗೆ ನಾಲ್ಕು ಹೆಜ್ಜೆ ಹೋಗಬಾರದೇ?

ಇಷ್ಟಾದ ಮೇಲೆ ಮುಖ್ಯವಾದದ್ದಕ್ಕೆ ಬರುತ್ತೇನೆ. ‘ಷೀ ಹ್ಯಾಸ್ ಗಾನ್ ಟು ತಿಪಟೂರ್’ ಅಂದರೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ. ‘ಷೀ ಹ್ಯಾಸ್ ಬೀನ್ ಟು ತಿಪಟೂರ್’ ಅಂದರೆ ಹೋಗಿ ಬಂದಿದ್ದಾಳೆ, ಈಗ ಇಲ್ಲೇ ಇದ್ದಾಳೆ. ಶಾಲೆಯಲ್ಲಿ ಇದನ್ನು ಒಂದು ಗಂಟೆ ಬೋರ್ಡಿನ ಮೇಲೆ ಬರೆದು ಬರೆದು ಹೇಳುತ್ತಾರೆ, ಮಕ್ಕಳಿಗೆ ಆದರೂ ಹತ್ತುವುದಿಲ್ಲ. ನೀವು ಮನೆಯಲ್ಲಿ ‘ಗಾನ್ ಅಂದ್ರೆ ಹೋಗಿ, ಬೀನ್ ಅಂದ್ರೆ ಹೋಗಿ ಬಂದು’ ಅನ್ನಿ, ಮುಗಿಯಿತು. ‘ಹೋಗಿ ಬರೋದು’ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆ ಬಿಡುವಾಗ ‘ಹೋಗ್ತೀನಿ’ ಅಂದರೆ ಅಜ್ಜಿ ಬಾಯಿ ಮೇಲೆ ಹೊಡೆಯುತ್ತಿದ್ದಳು. ‘ಹೋಗಿ ಬರ್ತೀನಿ ಅನ್ನೇ!’ ಬಾಗಿಲು ದಾಟುವವರನ್ನು ‘ಎಲ್ಲಿಗೆ’ ಅಂತ ಕೂಡ ಕೇಳಬಾರದು, ‘ದೂರ ಹೊರಟ್ರಾ?’ ಅನ್ನಬೇಕು. ಹೋಗುವುದನ್ನು ಬರುವುದರ ಜೊತೆ ಗಂಟು ಹಾಕದೆ ನಮ್ಮ ಬಾಯಿ ಬಿಟ್ಟುಕೊಡುವುದೇ ಇಲ್ಲ.

ಇಂಗ್ಲಿಷಿಗೆ ಮಾತ್ರ ಈ ಗಂಟು ಗೊತ್ತಿಲ್ಲ. ಬೀಳ್ಕೊಳ್ಳುವಾಗ ‘ಓಕೆ, ಐ ವಿಲ್ ಕಮ್’ ಅಂದು ನಾವು ಎದ್ದರೆ ಇಂಗ್ಲಿಷಿನವರು, ಎಲ್ಲಿಗೆ ಬರ್ತಾಳೆ, ಯಾವಾಗ ಬರ್ತಾಳೆ ಅಂತ ಕಣ್ಣು ಬಿಡುತ್ತಾರೆ. ಅವರು ‘ಐ ಮಸ್ಟ್ ಗೋ’ ಅಂತ ನೇರವಾಗಿಯೇ ಹೇಳಿ ಎದ್ದುಬಿಡುತ್ತಾರೆ, ಯಾರೂ ಕೆಟ್ಟದ್ದು ಅಂದುಕೊಳ್ಳುವುದಿಲ್ಲ. ನೀವೂ ಹಾಗೇ ಅನ್ನಬಹುದು, ದೋಷವಿಲ್ಲ. ಮನಸ್ಸು ಒಪ್ಪದಿದ್ದರೆ ‘ಸೀ ಯೂ’ ಅನ್ನಿ, ಮತ್ತೆ ನೋಡೋಣ ಅಂತ. ಅವರ ‘ಗುಡ್ ಬೈ’ ಕೂಡ ಒಂದು ಕಾಲದಲ್ಲಿ ‘ದೇವರು ನಿನ್ನ ಜೊತೆಗಿರಲಿ’ ಎಂಬ ಇಡೀ ವಾಕ್ಯವೇ ಆಗಿತ್ತು, ಸವೆದು ಸವೆದು ಇಷ್ಟಾಗಿದೆ. ಆದರೆ ಯಾರಾದರೂ ಕೂಗಿದಾಗ ಮಾತ್ರ ‘ಐ ಯಾಮ್ ಗೋಯಿಂಗ್’ ಅನ್ನಬೇಡಿ, ‘ಕಮಿಂಗ್!’ ಅನ್ನಿ. ನಾವು ಕೂತ ಜಾಗದಿಂದ ಅಲ್ಲಾಡದೆ ‘ಬಂದೆ, ಬಂದೆ’ ಅಂತ ಕೂಗುತ್ತೇವಲ್ಲ, ಅದೇ.

ಮೂರನೇ ದಿನ ಪುಣೆಯವರು ಹೊರಟರು. ಡಿಕ್ಕಿಯಲ್ಲಿ ಒಂದು ಮೂಟೆ ಕಾಯಿ, ಎರಡು ಸೇರು ಕೊಬ್ಬರಿ, ಹುರಿಗಾಳು, ಎಲ್ಲ ತುಂಬಿಸಿದ್ದಳು ನನ್ನ ಗೆಳತಿ. ಮಾತು ಮಾತ್ರ ಆಡಿರಲಿಲ್ಲ, ನಾಚಿಕೆ. ಆ ಹುಡುಗಿ ಮಾವನ ಕಾಲಿಗೆ ನಮಸ್ಕಾರ ಮಾಡಿ, ವಾರಗಿತ್ತಿಯ ಕೈ ಹಿಡಿದುಕೊಂಡು ‘ಯೇತೇ’ ಅಂದಳು. ನನ್ನ ಗೆಳತಿ ನನ್ನ ಮುಖ ನೋಡಿದಳು. ನನಗೆ ಅಷ್ಟು ಮರಾಠಿ ಗೊತ್ತು. ‘ಬರ್ತೀನಿ ಅಂತಿದ್ದಾಳೆ ಕಣೇ. ಅವರೂ ಹೊರಡುವಾಗ ಹೋಗ್ತೀನಿ ಅನ್ನೋಲ್ಲ’ ಅಂದೆ. ಇವಳು ಅವಳ ಕೈ ಬಿಡದೆ ‘ಹೂಂ, ಬಾ. ಹೋಗಿ ಬಾ’ ಅಂದಳು ಕನ್ನಡದಲ್ಲೇ. ಹುಡುಗಿಗೆ ಅದನ್ನು ಯಾರೂ ಅರ್ಥ ಹೇಳಬೇಕಾಗಲಿಲ್ಲ.

ನಿನ್ನೆ ಹಾಲು ಕೊಡಲು ಬಂದವಳು ಸೆರಗಿನ ಮರೆಯಿಂದ ಫೋನು ತೆಗೆದು ತೋರಿಸಿದಳು, ಕಳಿಸುವ ಮುಂಚೆ ಒಂದು ಸಲ ನೋಡು ಅಂತ. ಹೀಗಿತ್ತು: ‘ಅಪ್ಪ ಹ್ಯಾಸ್ ಗಾನ್ ಟು ದ ಗಾರ್ಡನ್. ಹೀ ವಿಲ್ ಕಮ್ ಬ್ಯಾಕ್ ಫಾರ್ ಲಂಚ್. ಐ ಯಾಮ್ ಗೋಯಿಂಗ್ ಟು ಮೇಕ್ ಹೋಳಿಗೆ.’

ನಾನು ಒಂದಕ್ಷರ ತಿದ್ದಲಿಲ್ಲ.